‘ಅದು’ ಯಾವಾಗ ‘ಅವನು’ ಆಗುತ್ತದೆ? ಏಲಿಯನ್ ಪ್ರೇಮಕಥೆ ಬರೆಯುವ ಬಗೆ

2025ರ ಜುಲೈ 1ರಂದು ಚಿಲಿ ದೇಶದ ಒಂದು ದೂರದರ್ಶಕದ ಕಣ್ಣಿಗೆ ಹೊಸ ಧೂಮಕೇತು ಬಿತ್ತು. ಅದಕ್ಕೆ 3ಐ/ಅಟ್ಲಾಸ್ ಎಂದು ಹೆಸರಿಟ್ಟರು. ಅದು ನಮ್ಮ ಸೌರಮಂಡಲದ್ದಲ್ಲ, ಬೇರೆ ಯಾವುದೋ ನಕ್ಷತ್ರದ ಕಡೆಯಿಂದ ಬಂದದ್ದು. ಹೀಗೆ ಹೊರಗಿನಿಂದ ಬಂದವುಗಳಲ್ಲಿ ನಮಗೆ ಗೊತ್ತಾದದ್ದು ಇದು ಮೂರನೆಯದು. 2017ರಲ್ಲಿ ಔಮುವಾಮುವಾ, 2019ರಲ್ಲಿ ಬೋರಿಸೊವ್ ಬಂದು ಹೋಗಿದ್ದವು. ಇದು ಧೂಮಕೇತು ಅಷ್ಟೇ ಎಂದು ನಾಸಾ ಹೇಳುತ್ತಲೇ ಇತ್ತು. ನಮ್ಮ ಮನೆಯ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಮಾತ್ರ ಅಷ್ಟರಲ್ಲಿ ಏಲಿಯನ್ ಹಡಗು ಬಂದಿಳಿದಾಗಿತ್ತು.

ಆ ಗಲಾಟೆಯಲ್ಲೇ ನನ್ನ ಅಕ್ಕನ ಮಗಳು ಒಂದು ಕಥೆ ಬರೆದಳು. ಕಾಲೇಜು ಮುಗಿಸಿದ ಹುಡುಗಿ, ನೀಲಿ ಮೈಯ ಏಲಿಯನ್, ಮಳೆ, ಪ್ರೀತಿ. ಓದಿ ಹೇಳಿ ಎಂದು ನನಗೂ ಕಳಿಸಿದಳು. ಚೆನ್ನಾಗಿಯೇ ಇತ್ತು. ಆದರೆ ಆ ಏಲಿಯನ್ ಫಿಲ್ಟರ್ ಕಾಫಿ ಕುಡಿಯುತ್ತಾನೆ, ಹೊಟ್ಟೆಕಿಚ್ಚು ಪಡುತ್ತಾನೆ, ಕೋಪ ಬಂದರೆ ಫೋನ್ ಎತ್ತುವುದಿಲ್ಲ. ನೀಲಿ ಬಣ್ಣ ತೊಳೆದರೆ ಪಕ್ಕದ ಬೀದಿಯ ಹುಡುಗ. ‘ಇವನು ಏಲಿಯನ್ ಯಾಕೆ ಆಗಬೇಕಿತ್ತು?’ ಎಂದು ಕೇಳಿಬಿಟ್ಟೆ. ಮೂರು ದಿನ ಮಾತು ಬಿಟ್ಟಳು.

ಸುಮ್ನೆ ಚುಚ್ಚುವುದಕ್ಕೆ ಕೇಳಿದ್ದಲ್ಲ. ಈ ಬಗೆಯ ಕಥೆ ಬರೆಯುವವರು ಮೊದಲು ಎದುರಿಸಬೇಕಾದ ಪ್ರಶ್ನೆಯೇ ಇದು. ಈಗ ಮೊಬೈಲಿನ ಕಥೆ ಆ್ಯಪ್‌ಗಳಲ್ಲಿ ಕನ್ನಡದಲ್ಲಿ ಬರೆಯುವ ಹೊಸಬರು ಜಾಸ್ತಿ, ಓದುವವರೂ ಜಾಸ್ತಿ. ಹಾಗಾಗಿ ಬುಡದಿಂದ ನೋಡೋಣ.

## ಒಂದೇ ಪುಟದಲ್ಲಿ ಎರಡು ಕಥೆ

‘ಮೊದಲ ಭೇಟಿ’ ಎಂಬುದು ವಿಜ್ಞಾನ ಕಥೆಗಳ ಒಂದು ಹಳೆಯ ಬಗೆ. ಮನುಷ್ಯರೂ ಬೇರೆ ಲೋಕದ ಬುದ್ಧಿವಂತ ಜೀವಿಗಳೂ ಮೊದಲ ಸಲ ಎದುರಾಗುತ್ತಾರೆ. ಆಮೇಲೆ ಏನಾಗುತ್ತದೆ ಎಂಬುದೇ ಕಥೆ. ಎದುರಾಗುವುದು ಎಂದರೆ ಮುಖಾಮುಖಿಯೇ ಆಗಬೇಕಿಲ್ಲ. ಒಂದು ರೇಡಿಯೋ ಸಂಕೇತ ಬಂದರೂ ಭೇಟಿಯೇ. 1977ರ ಆಗಸ್ಟ್ 15ರಂದು ಅಮೆರಿಕದ ಓಹಾಯೋದಲ್ಲಿದ್ದ ಒಂದು ರೇಡಿಯೋ ದೂರದರ್ಶಕಕ್ಕೆ 72 ಸೆಕೆಂಡ್ ಜೋರಾದ ಸಂಕೇತ ಸಿಕ್ಕಿತ್ತು. ಅಚ್ಚಾದ ಹಾಳೆಯ ಮೇಲೆ ಅದನ್ನು ನೋಡಿದ ವಿಜ್ಞಾನಿ ಪಕ್ಕದಲ್ಲಿ ಕೆಂಪು ಇಂಕಿನಲ್ಲಿ ‘ವಾವ್!’ ಎಂದು ಗೀಚಿದರು. ಅದೇ ಹೆಸರು ನಿಂತಿತು. ಆ ಸಂಕೇತ ಮತ್ತೆ ಬರಲೇ ಇಲ್ಲ. ಒಂದು ಸಲ ಕಣ್ಣು ಕೂಡಿಸಿ ಜನಜಂಗುಳಿಯಲ್ಲಿ ಮಾಯವಾದವರನ್ನು ನೆನೆದು ಜನ ಹಾಡು ಕಟ್ಟಿಲ್ಲವೇ? ಇದೂ ಹೆಚ್ಚುಕಡಿಮೆ ಹಾಗೇ.

ಇನ್ನೊಂದು ಕಡೆ ಪ್ರೇಮಕಥೆ. ಅದರ ಓದುಗರು ಲೇಖಕರ ಜೊತೆ ಒಂದು ಮಾತಿಲ್ಲದ ಒಪ್ಪಂದ ಮಾಡಿಕೊಂಡಿರುತ್ತಾರೆ. ಇಬ್ಬರ ಸಂಬಂಧವೇ ಕಥೆಯ ನಡುಗಂಬ ಆಗಿರಬೇಕು, ಕೊನೆಗೆ ಮನಸ್ಸಿಗೆ ಸಮಾಧಾನ ಸಿಗಬೇಕು. ಹಳೇ ಸಿನಿಮಾಗಳ ಕೊನೆಗೆ ‘ಶುಭಂ’ ಬೀಳುತ್ತಿತ್ತಲ್ಲ, ಅದು. ವಿಜ್ಞಾನ ಕಥೆಯ ಓದುಗರ ಒಪ್ಪಂದ ಬೇರೆ. ನೀವು ಹಾಕಿಕೊಂಡ ನಿಯಮವನ್ನು ನೀವೇ ಮುರಿಯಬಾರದು ಎಂಬುದು ಅವರ ಷರತ್ತು. ಹತ್ತನೇ ಪುಟದಲ್ಲಿ ‘ಅವರಿಗೆ ನಮ್ಮ ಗಾಳಿ ವಿಷ’ ಎಂದು ಬರೆದು, ನಲವತ್ತನೇ ಪುಟದಲ್ಲಿ ಕಬ್ಬನ್ ಪಾರ್ಕಿನಲ್ಲಿ ಕೈ ಹಿಡಿದು ನಡೆಸಿದರೆ ಅವರು ಪುಸ್ತಕ ಮುಚ್ಚುತ್ತಾರೆ.

ಎರಡೂ ಒಪ್ಪಂದ ಒಟ್ಟಿಗೆ ಉಳಿಯುವುದು ಹೇಗೆ? ಇಲ್ಲಿ ಒಂದು ಅನುಕೂಲ ಇದೆ. ಎರಡೂ ಕಥೆಗಳು ಕೇಳುವ ಪ್ರಶ್ನೆಗಳು ಒಂದೇ. ಎದುರಿಗಿರುವವರು ಯಾರು? ಅವರು ಹೇಳಿದ್ದರ ಅರ್ಥ ಏನು? ನಂಬಬಹುದಾ? ನಾನು ಹೇಳಿದ್ದು ಅವರಿಗೆ ತಲುಪಿತಾ? ಮದುವೆಯಾಗಿ ಇಪ್ಪತ್ತು ವರ್ಷ ಆದವರೂ ಇದೇ ಪ್ರಶ್ನೆಗಳನ್ನು ಕೇಳಿಕೊಳ್ಳುತ್ತಾರೆ, ಅದು ಬೇರೆ ಮಾತು.

ನನ್ನ ಪರೀಕ್ಷೆ ಇಷ್ಟೇ. ಕಥೆಯಿಂದ ಏಲಿಯನ್‌ನನ್ನು ತೆಗೆದು ಬೇರೆ ಜಾತಿಯ, ಬೇರೆ ಊರಿನ ಹುಡುಗನನ್ನು ಇಡಿ. ಕಥೆ ಅಲ್ಲಾಡದೆ ನಡೆದರೆ ಅಲ್ಲಿ ವಿಜ್ಞಾನ ಬರೀ ವೇಷ. ಕಥೆ ಕುಸಿದುಬಿದ್ದರೆ ಸರಿಯಾದ ದಾರಿಯಲ್ಲಿದ್ದೀರಿ.

## ಊರ್ವಶಿಯಿಂದ ರೇವತಿಯವರೆಗೆ

ಇದು ಹೊಸ ಆಮದು ಅಂದುಕೊಳ್ಳಬೇಡಿ. ಬೇರೆ ಲೋಕದವರ ಜೊತೆಗಿನ ಪ್ರೀತಿ ನಮ್ಮ ಪುರಾಣಗಳ ತುಂಬ ಇದೆ. ಕಥೆ ಕಟ್ಟುವ ದೃಷ್ಟಿಯಿಂದ ನೋಡಿದರೆ ಅವು ಬಹಳ ಜಾಣ ಕಥೆಗಳು.

ಊರ್ವಶಿ ಮತ್ತು ಪುರೂರವರನ್ನೇ ತೆಗೆದುಕೊಳ್ಳಿ. ಇವರಿಬ್ಬರ ಸಂಭಾಷಣೆ ಋಗ್ವೇದದ ಹತ್ತನೇ ಮಂಡಲದಲ್ಲೇ ಸಿಗುತ್ತದೆ. ಮುಂದಿನ ಕಥೆಗಳಲ್ಲಿ ಅಪ್ಸರೆ ಷರತ್ತು ಹಾಕುತ್ತಾಳೆ: ನನ್ನ ಟಗರುಗಳನ್ನು ಕಾಪಾಡಬೇಕು, ನೀನು ಬೆತ್ತಲೆಯಾಗಿ ನನ್ನ ಕಣ್ಣಿಗೆ ಬೀಳಬಾರದು. ಗಂಧರ್ವರು ರಾತ್ರಿ ಟಗರು ಕದಿಯುತ್ತಾರೆ. ರಾಜ ಹಾಗೇ ಎದ್ದು ಓಡುತ್ತಾನೆ. ಮಿಂಚು ಹೊಳೆಯುತ್ತದೆ. ಅವಳು ಮಾಯ. ಷರತ್ತು ಯಾಕೆ ಎಂದು ಅವಳು ವಿವರಿಸುವುದಿಲ್ಲ, ಅದು ಅವಳ ಲೋಕದ ನಿಯಮ. ಮೊದಲೇ ಹೇಳಿದ ನಿಯಮವೇ ಕೊನೆಗೆ ಅವರನ್ನು ಬೇರೆ ಮಾಡುತ್ತದೆ.

ಕಚ ಮತ್ತು ದೇವಯಾನಿಯ ಕಥೆ ಇನ್ನೂ ಹತ್ತಿರ. ಸತ್ತವರನ್ನು ಬದುಕಿಸುವ ವಿದ್ಯೆ ಅಸುರರ ಗುರು ಶುಕ್ರನ ಬಳಿ ಇದೆ. ಅದನ್ನು ಕಲಿಯಲು ದೇವತೆಗಳು ಕಚನನ್ನು ಕಳಿಸುತ್ತಾರೆ. ಅವನ ಕೆಲಸ ವಿದ್ಯೆ ತರುವುದು, ಆದರೆ ಗುರುವಿನ ಮಗಳು ಅವನನ್ನು ಪ್ರೀತಿಸುತ್ತಾಳೆ. ಅಸುರರು ಕೊನೆಯ ಸಲ ಅವನನ್ನು ಸುಟ್ಟು ಬೂದಿಯನ್ನು ಗುರುವಿನ ಮದ್ಯದಲ್ಲೇ ಬೆರೆಸುತ್ತಾರೆ. ಕಚ ಶುಕ್ರನ ಹೊಟ್ಟೆಯೊಳಗೆ ಬದುಕಿ ಹೊರಗೆ ಬರುತ್ತಾನೆ. ಆಮೇಲೆ ದೇವಯಾನಿ ಮದುವೆಯ ಮಾತೆತ್ತಿದರೆ ‘ನಿನ್ನ ತಂದೆಯ ಹೊಟ್ಟೆಯಿಂದ ಬಂದವನು, ನೀನೀಗ ತಂಗಿ’ ಎನ್ನುತ್ತಾನೆ. ಪ್ರೇಮಕ್ಕೆ ಅಡ್ಡಿ ಯಾವುದು ನೋಡಿ! ಆ ಕಥೆಯ ಲೋಕದಲ್ಲಿ ಮಾತ್ರ ಸಾಧ್ಯವಿರುವ ಘಟನೆಯೇ ಅಡ್ಡಿ. ಅವನನ್ನು ಬದುಕಿಸಿದ್ದೇ ಅವರನ್ನು ದೂರ ಮಾಡಿತು.

ಇನ್ನು ರೇವತಿ. ಅವಳ ತಂದೆ ಕಕುದ್ಮಿ ಮಗಳಿಗೆ ತಕ್ಕ ಗಂಡು ಯಾರೆಂದು ಕೇಳಲು ಅವಳನ್ನು ಕರೆದುಕೊಂಡೇ ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಅಲ್ಲಿ ಗಂಧರ್ವರ ಗಾನ ನಡೆದಿರುತ್ತದೆ. ಮುಗಿಯಲಿ ಎಂದು ಕಾಯುತ್ತಾನೆ. ಆಮೇಲೆ ಕೇಳಿದರೆ ಬ್ರಹ್ಮ ನಗುತ್ತಾನೆ: ನೀನು ಹಾಡು ಕೇಳುವಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗ ಕಳೆದವು, ನಿನ್ನ ಪಟ್ಟಿಯಲ್ಲಿದ್ದ ಗಂಡುಗಳು ಯಾರೂ ಉಳಿದಿಲ್ಲ. ಕೊನೆಗೆ ಬಲರಾಮ ಗಂಡನಾಗುತ್ತಾನೆ. ಆದರೆ ಹಳೇ ಯುಗದ ಹುಡುಗಿ ಅವನಿಗಿಂತ ತುಂಬ ಎತ್ತರ. ಅವನು ನೇಗಿಲ ತುದಿಯಿಂದ ಒತ್ತಿ ಅವಳನ್ನು ತನ್ನ ಅಳತೆಗೆ ತರುತ್ತಾನೆ.

ಕಾಲ ಎಲ್ಲ ಕಡೆ ಒಂದೇ ವೇಗದಲ್ಲಿ ಓಡುವುದಿಲ್ಲ ಎಂಬುದು ಐನ್‌ಸ್ಟೈನ್‌ಗಿಂತ ಮೊದಲೇ ನಮಗೆ ಗೊತ್ತಿತ್ತು ಎಂದು ಸಾಧಿಸಲು ನಾನು ಹೊರಟಿಲ್ಲ. ಕಥೆಗಾರರಿಗೆ ಬೇಕಾದದ್ದು ಬೇರೆ. ದೂರ, ಕಾಲ, ಮೈಯ ಅಳತೆ, ಈ ಮೂರೂ ಮದುವೆಗೆ ಅಡ್ಡಿ ಆಗಬಹುದು ಎಂದು ಆ ಕಥೆ ಕಟ್ಟಿದವರಿಗೆ ತಿಳಿದಿತ್ತು.

## ದೂರ: ಜೀವಮಾನಕ್ಕೆ ನಾಲ್ಕು ಉತ್ತರ

ಜ್ಯೋತಿರ್ವರ್ಷ ಎಂಬುದು ಕಾಲದ ಅಳತೆಯಲ್ಲ, ದೂರದ ಅಳತೆ. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ. ಒಂದು ವರ್ಷದಲ್ಲಿ ಅದು ಓಡುವ ದೂರ ಒಂದು ಜ್ಯೋತಿರ್ವರ್ಷ. ಸೂರ್ಯನ ಬೆಳಕು ನಮಗೆ ಮುಟ್ಟಲು 8 ನಿಮಿಷ ಸ್ವಲ್ಪ ಮೇಲೆ ಬೇಕು. ಸೂರ್ಯನನ್ನು ಬಿಟ್ಟರೆ ನಮಗೆ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ. ಅದು 4.24 ಜ್ಯೋತಿರ್ವರ್ಷ ದೂರದಲ್ಲಿದೆ. ಅದರ ಸುತ್ತ ಒಂದು ಗ್ರಹ ಇರುವುದು 2016ರಲ್ಲಿ ಗೊತ್ತಾಯಿತು.

ನಾಸಾ ಹಾರಿಸಿದ ವಾಯೇಜರ್ 1 ನೌಕೆ ಸೆಕೆಂಡಿಗೆ 17 ಕಿಲೋಮೀಟರ್ ಹೋಗುತ್ತದೆ. ಅಂದರೆ ಬೆಂಗಳೂರಿನಿಂದ ಮೈಸೂರಿಗೆ ಒಂಬತ್ತು ಸೆಕೆಂಡ್. ಆ ವೇಗದಲ್ಲಿ ಪ್ರಾಕ್ಸಿಮಾದಷ್ಟು ದೂರ ಹೋಗಲು ಸುಮಾರು 75 ಸಾವಿರ ವರ್ಷ ಬೇಕು.

ಹಾಗಾದರೆ ರೇಡಿಯೋದಲ್ಲಿ ಮಾತಾಡೋಣ. ರೇಡಿಯೋ ಅಲೆಗೂ ಬೆಳಕಿನದೇ ವೇಗ. ಇದಕ್ಕೆ ಅಮೆರಿಕದ ಮರುಭೂಮಿಗೇ ಹೋಗಬೇಕಿಲ್ಲ. ಗೌರಿಬಿದನೂರಿನ ಹತ್ತಿರ 1970ರ ದಶಕದಿಂದ ರೇಡಿಯೋ ದೂರದರ್ಶಕ ಕೇಂದ್ರ ಇದೆ. ಬೆಂಗಳೂರಿನ ಹೊರಗೆ ಬ್ಯಾಲಾಳುವಿನಲ್ಲಿ ಇಸ್ರೋದ 32 ಮೀಟರ್ ಅಗಲದ ಆಂಟೆನಾ ಇದೆ, ಚಂದ್ರಯಾನಕ್ಕೆಂದು ಕಟ್ಟಿದ್ದು. ಕೇಳುವುದಕ್ಕೆ ಗೌರಿಬಿದನೂರು, ಮಾತಾಡುವುದಕ್ಕೆ ಬ್ಯಾಲಾಳು. ನಿಜದಲ್ಲಿ ಪ್ರಾಕ್ಸಿಮಾದವರೆಗೆ ಮಾತಾಡುವ ಶಕ್ತಿ ಇವಕ್ಕಿಲ್ಲ. ಕಥೆಗೆ ಅಷ್ಟು ಸಾಲ ಕೊಡೋಣ.

ಕಥೆಯ ನಾಯಕಿಗೆ ಸುಧಾ ಎಂದು ಹೆಸರಿಡೋಣ. ಇಪ್ಪತ್ತೈದು ವರ್ಷದ ಎಂಜಿನಿಯರ್. ಇವತ್ತು ‘ನೀವು ಯಾರು?’ ಎಂದು ಕಳಿಸುತ್ತಾಳೆ. ಸಂಕೇತ ಅಲ್ಲಿಗೆ ಮುಟ್ಟಲು ನಾಲ್ಕೂಕಾಲು ವರ್ಷ, ಉತ್ತರ ಬರಲು ಇನ್ನೊಂದು ನಾಲ್ಕೂಕಾಲು. ಮೊದಲ ಉತ್ತರ ಬಂದಾಗ ಅವಳಿಗೆ ಮೂವತ್ಮೂರು ದಾಟಿರುತ್ತದೆ. ಎರಡನೆಯದು ಬಂದಾಗ ನಲವತ್ತೆರಡು. ಮೂರನೆಯದಕ್ಕೆ ಐವತ್ತು. ನಾಲ್ಕನೆಯದು ರಿಟೈರ್ ಆಗುವ ಹೊತ್ತಿಗೆ. ಉತ್ತರಕ್ಕಾಗಿ ಕಾದು ಕಾದು ಬರೆದರೆ ಜೀವಮಾನಕ್ಕೆ ನಾಲ್ಕೇ ಉತ್ತರ!

ಇದು ಕಥೆಗೆ ತೊಂದರೆ ಅಂತ ಎಷ್ಟೋ ಜನ ಒಂದೇ ಸಾಲಿನಲ್ಲಿ ದಾಟಿಬಿಡುತ್ತಾರೆ. ನನಗೆ ಇದೇ ಕಥೆ ಅನ್ನಿಸುತ್ತದೆ. ಕರಾವಳಿಯ ಮನೆಗಳಲ್ಲಿ ಗಲ್ಫಿಗೆ ಹೋದ ಗಂಡನ ಪತ್ರಕ್ಕೆ ವಾರಗಟ್ಟಲೆ ಕಾಯುತ್ತಿದ್ದ ಕಾಲ ಇತ್ತಲ್ಲ. ‘ಮಗುವಿಗೆ ಜ್ವರ’ ಎಂದು ಬರೆದ ಪತ್ರಕ್ಕೆ ‘ಹೇಗಿದೆ ಈಗ?’ ಎಂಬ ಉತ್ತರ ಬರುವಾಗ ಮಗು ಆಡಿಕೊಂಡಿರುತ್ತಿತ್ತು. ಆ ತಡವನ್ನು ಎಂಟೂವರೆ ವರ್ಷಕ್ಕೆ ಎಳೆಯಿರಿ. ಇಪ್ಪತ್ತೈದರ ಸುಧಾ ಕೇಳಿದ ತುಂಟ ಪ್ರಶ್ನೆಗೆ ಉತ್ತರ ಓದುವವಳು ಮೂವತ್ಮೂರರ ಇನ್ನೊಬ್ಬ ಸುಧಾ. ಅತ್ತ ಕಡೆಯ ಜೀವಿಗೆ ಅವಳು ಇನ್ನೂ ಇಪ್ಪತ್ತೈದರವಳೇ. ಜೊತೆಗೆ ಮನೆಯಲ್ಲಿ ‘ಗಂಡು ನೋಡೋದಾ?’ ಎಂದು ಕೇಳುತ್ತಲೇ ಇರುತ್ತಾರೆ.

ಇಷ್ಟು ಕಾಯುವುದು ಬೇಡವೆಂದರೆ ಬೇರೆ ದಾರಿಗಳಿವೆ. ಬೆಳಕಿನ ಶೇಕಡಾ 99ರಷ್ಟು ವೇಗದಲ್ಲಿ ಹೋಗುವ ಹಡಗಿನಲ್ಲಿ ಕಾಲ ನಿಧಾನವಾಗುತ್ತದೆ. ಅಲ್ಲಿ ಒಂದು ವರ್ಷ ಕಳೆದರೆ ಇಲ್ಲಿ ಏಳು. ಇದು ಕಲ್ಪನೆಯಲ್ಲ, ಸಾಪೇಕ್ಷತಾ ಸಿದ್ಧಾಂತದ ನೇರ ಲೆಕ್ಕ. ಪ್ರಿಯಕರ ಹೋಗಿ ಬರುವಷ್ಟರಲ್ಲಿ ಅವನಿಗೆ ಎರಡು ವರ್ಷ, ಅವಳಿಗೆ ಹದಿನಾಲ್ಕು. ಇಲ್ಲವಾದರೆ ಏಲಿಯನ್‌ಗಳು ಮೊದಲೇ ಇಲ್ಲಿಗೆ ಬಂದಿದ್ದಾರೆ ಎನ್ನಿ. ಅಥವಾ ಬೆಳಕಿಗಿಂತ ವೇಗದ ಹಡಗು ಇದೆ ಎನ್ನಿ. ಅದಕ್ಕೆ ಇವತ್ತಿನ ಭೌತವಿಜ್ಞಾನ ಒಪ್ಪುವುದಿಲ್ಲ, ಆದರೆ ಓದುಗರು ಒಂದು ಕಥೆಗೆ ಒಂದು ದೊಡ್ಡ ಸುಳ್ಳನ್ನು ಖುಷಿಯಿಂದ ನಂಬುತ್ತಾರೆ. ಅದನ್ನು ಶುರುವಿನಲ್ಲೇ ಹೇಳಿಬಿಡಬೇಕು. ಮಧ್ಯದಲ್ಲಿ ಕಷ್ಟ ಬಂದಾಗ ಜೇಬಿನಿಂದ ತೆಗೆಯಬಾರದು.

## ಮೈ: ಹೋಳಿಗೆ ಸಿಹಿ, ಹೊಟ್ಟೆ ಖಾಲಿ

ಏಲಿಯನ್‌ಗೆ ಎರಡು ಕಣ್ಣು, ಎರಡು ಕೈ, ಒಳ್ಳೆಯ ಎತ್ತರ ಯಾಕೆ ಇರಬೇಕು? ಸಿನಿಮಾದಲ್ಲಿ ನಟರು ಆ ವೇಷ ಹಾಕಬೇಕಾದ್ದರಿಂದ ಇರುತ್ತದೆ. ಬರೆಯುವವರಿಗೆ ಆ ಖರ್ಚಿಲ್ಲ.

ಭೂಮಿಯ ಮೇಲೇ ಆಕ್ಟೋಪಸ್ ಇದೆ ನೋಡಿ. ಅದಕ್ಕೆ ಮೂರು ಹೃದಯ. ರಕ್ತದಲ್ಲಿ ಕಬ್ಬಿಣದ ಬದಲು ತಾಮ್ರ, ಹಾಗಾಗಿ ನೀಲಿ ರಕ್ತ. ಅದರ ನರಕೋಶಗಳಲ್ಲಿ ಮೂರರಲ್ಲಿ ಎರಡು ಪಾಲು ತಲೆಯಲ್ಲಿಲ್ಲ, ತೋಳುಗಳಲ್ಲಿವೆ. ಅಂದರೆ ಒಂದೊಂದು ತೋಳೂ ಸ್ವಲ್ಪಮಟ್ಟಿಗೆ ತಾನೇ ಯೋಚಿಸುತ್ತದೆ. ಇಂಥ ಮೈಯ ಪ್ರಿಯಕರ ನಿಮ್ಮ ಕೈ ಹಿಡಿದರೆ, ಹಿಡಿದದ್ದು ಅವನೋ ಅವನ ತೋಳೋ? ‘ಕ್ಷಮಿಸಿ, ಅದಕ್ಕೆ ನೀವು ಇಷ್ಟ’ ಎಂದು ಅವನು ಹೇಳಬೇಕಾಗಬಹುದು.

ಇನ್ನೂ ಒಳಗೆ ಇಳಿಯೋಣ. ನಮ್ಮ ಮೈಯ ಕೆಲವು ಅಣುಗಳಿಗೆ ಎಡ-ಬಲ ಎಂಬುದಿದೆ, ಚಪ್ಪಲಿಗಳ ಹಾಗೆ. ನೋಡಲು ಒಂದೇ ತರ, ಆದರೆ ಎಡಗಾಲಿನದು ಬಲಗಾಲಿಗೆ ಆಗುವುದಿಲ್ಲ. ಭೂಮಿಯ ಜೀವಿಗಳು ಪ್ರೋಟೀನ್ ಕಟ್ಟಲು ಎಡಗೈ ರೂಪದ ಅಮೈನೋ ಆಮ್ಲಗಳನ್ನೇ ಬಳಸುತ್ತವೆ, ಸಕ್ಕರೆಗಳಲ್ಲಿ ಬಲಗೈ ರೂಪದ್ದನ್ನು. ಬೇರೆ ಲೋಕದಲ್ಲಿ ಇದು ತಿರುಗುಮುರುಗಾಗಿರಬಹುದು. ಹಾಗಿದ್ದರೆ ಸುಧಾಳ ಅಮ್ಮ ಬಡಿಸಿದ ಹೋಳಿಗೆ ಅವನಿಗೆ ಸಿಹಿಯೆನಿಸಬಹುದು, ಮೈಗೆ ಹತ್ತುವುದಿಲ್ಲ. ನಮ್ಮಲ್ಲೂ ಹಾಗೇ ಇದೆ: ಎಡಗೈ ರೂಪದ ಗ್ಲೂಕೋಸ್ ನಾಲಿಗೆಗೆ ಸಿಹಿ, ಆದರೆ ದೇಹ ಅದನ್ನು ಬಳಸಲಾರದು. ‘ಇನ್ನೊಂದು ಹಾಕಿಸ್ಕೊಳ್ಳಪ್ಪ’ ಎಂದು ಅಮ್ಮ ಒತ್ತಾಯಿಸುತ್ತಲೇ ಇದ್ದಾರೆ. ಅವನು ತಿನ್ನುತ್ತಲೇ ಇದ್ದಾನೆ. ಒಂದೇ ಸಮನೆ ಸೊರಗುತ್ತಿದ್ದಾನೆ. ಒಂದು ಪುಟ ರಸಾಯನಶಾಸ್ತ್ರಕ್ಕಿಂತ ಈ ಊಟ ಜಾಸ್ತಿ ಕೆಲಸ ಮಾಡುತ್ತದೆ.

ಮಕ್ಕಳ ವಿಷಯ ಬಂದರೆ ಸ್ವಲ್ಪ ನಿಧಾನ. ಕುದುರೆಗೂ ಕತ್ತೆಗೂ ಹತ್ತಿರದ ನಂಟು. ಒಂದಕ್ಕೆ 64 ವರ್ಣತಂತು, ಇನ್ನೊಂದಕ್ಕೆ 62. ಆದರೂ ಅವುಗಳ ಮರಿ ಹೇಸರಗತ್ತೆಗೆ ಸಾಮಾನ್ಯವಾಗಿ ಮರಿ ಆಗುವುದಿಲ್ಲ. ಒಂದೇ ಭೂಮಿಯ ನೆಂಟರ ಪಾಡೇ ಇದು. ಬೇರೆ ನಕ್ಷತ್ರದವರ ಜೊತೆ ಮಗು ಹುಟ್ಟಿಸುವುದಕ್ಕಿಂತ ಬಾಳೆಗಿಡದ ಜೊತೆ ಹುಟ್ಟಿಸುವುದು ಸುಲಭ. ಬಾಳೆ ಕನಿಷ್ಠ ನಮ್ಮದೇ ಡಿಎನ್‌ಎ ಭಾಷೆಯಲ್ಲಿ ಬರೆದದ್ದು. ಮಗು ಬೇಕೇಬೇಕು ಎಂದರೆ ದತ್ತು ಇದೆ, ಪ್ರಯೋಗಾಲಯ ಇದೆ. ಅದನ್ನು ಕಥೆಯೊಳಗೇ ಕಟ್ಟಿ.

## ಸನ್ನೆ: ಗೀಜಗ, ಮಿಂಚುಹುಳು, ಒಂದು ಕ್ರೇನ್

ಗಣಿತ ಎಲ್ಲೆಡೆ ಒಂದೇ, ಅದರಿಂದ ಶುರು ಮಾಡೋಣ ಎಂಬುದು ವಿಜ್ಞಾನಿಗಳ ಹಳೆಯ ಯೋಚನೆ. 1974ರಲ್ಲಿ ಪೋರ್ಟೊರಿಕೋದ ಅರೆಸಿಬೋದಿಂದ ಕಳಿಸಿದ ಸಂದೇಶದಲ್ಲಿ 1,679 ತುಣುಕುಗಳಿದ್ದವು. ಆ ಸಂಖ್ಯೆ 23 ಮತ್ತು 73 ಎಂಬ ಎರಡು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ. 73 ಸಾಲು, 23 ಕಂಬವಾಗಿ ಜೋಡಿಸಿದರೆ ಚಿತ್ರ ಮೂಡುತ್ತದೆ, ಅದರಲ್ಲಿ ಒಂದು ಪುಟ್ಟ ಮನುಷ್ಯನೂ ಇದ್ದಾನೆ. ಅದನ್ನು ಗುರಿಯಿಟ್ಟು ಕಳಿಸಿದ ನಕ್ಷತ್ರಗುಂಪು ಸುಮಾರು 25 ಸಾವಿರ ಜ್ಯೋತಿರ್ವರ್ಷ ದೂರ.

ಎರಡು ಕೂಡಿಸು ಎರಡು ನಾಲ್ಕು ಎಂದು ಹೀಗೆ ಹೇಳಬಹುದು. ‘ನೀನಿಲ್ಲದೆ ಬೇಜಾರು’ ಎಂದು ಹೇಳುವುದು ಹೇಗೆ? ಅದಕ್ಕೆ ಗಣಿತಕ್ಕಿಂತ ಪ್ರಾಣಿಗಳ ಒಲಿಸುವಾಟ ಒಳ್ಳೆಯ ಪಾಠ.

ಹೊಲದ ಬದಿಯ ಜಾಲಿಮರದಲ್ಲಿ ಗೀಜಗನ ಗೂಡು ನೋಡಿರುತ್ತೀರಿ. ಗಂಡು ಗೂಡನ್ನು ಅರ್ಧ ಹೆಣೆದು ನಿಲ್ಲಿಸುತ್ತದೆ. ರೆಕ್ಕೆ ಬಡಿದು ಕರೆಯುತ್ತದೆ. ಹೆಣ್ಣು ಬಂದು ಒಳಗೆಲ್ಲ ನೋಡುತ್ತದೆ. ಒಪ್ಪಿದರೆ ಗಂಡು ಮುಂದುವರಿಸಿ ಪೂರ್ತಿ ಮಾಡುತ್ತದೆ. ಒಪ್ಪದಿದ್ದರೆ ಆ ಗೂಡನ್ನು ಬಿಟ್ಟು ಇನ್ನೊಂದು ಶುರು. ನಿಮ್ಮ ಏಲಿಯನ್ ಜನರಲ್ಲಿ ಇದೇ ಪದ್ಧತಿ ಎಂದುಕೊಳ್ಳಿ. ಅವನು ಸುಧಾಳ ಮುಂದೆ ಏನೋ ಒಂದು ಯಂತ್ರವನ್ನು ಅರ್ಧ ಕಟ್ಟಿ ನಿಲ್ಲಿಸುತ್ತಾನೆ. ಅವಳು ಪಾಪ, ಸಹಾಯ ಮಾಡೋಣ ಎಂದು ಉಳಿದರ್ಧ ತಾನೇ ಜೋಡಿಸಿಬಿಡುತ್ತಾಳೆ. ಅವನ ಲೋಕದಲ್ಲಿ ಅದರ ಅರ್ಥ ಏನು? ಅದನ್ನು ನೀವೇ ನಿರ್ಧರಿಸಿ. ಇಡೀ ಅಧ್ಯಾಯ ಸಿಕ್ಕಿತು.

ಮಿಂಚುಹುಳದ್ದು ಭಯದ ಪಾಠ. ಒಂದೊಂದು ಜಾತಿಗೆ ಒಂದೊಂದು ಮಿಣುಕುವ ಲಯ. ಗಂಡು ಮಿಣುಕುತ್ತದೆ, ತನ್ನ ಜಾತಿಯ ಹೆಣ್ಣು ಉತ್ತರ ಕೊಡುತ್ತದೆ. ಅಮೆರಿಕದ ಫೋಟುರಿಸ್ ಎಂಬ ಗುಂಪಿನ ಹೆಣ್ಣುಗಳು ಬೇರೆ ಜಾತಿಯ ಹೆಣ್ಣಿನ ಲಯವನ್ನು ಅನುಕರಿಸುತ್ತವೆ. ನಂಬಿ ಬಂದ ಗಂಡನ್ನು ತಿಂದುಬಿಡುತ್ತವೆ. ಪ್ರೀತಿಯ ಸಂಕೇತ ಬಂತು ಎಂದಾಕ್ಷಣ ಅದು ಪ್ರೀತಿಯೇ ಆಗಬೇಕಿಲ್ಲ. ಮೊದಲ ಭೇಟಿಯ ಕಥೆಯ ಭಯವೂ ಪ್ರೇಮಕಥೆಯ ಭಯವೂ ಇಲ್ಲಿ ಒಂದೇ.

ನನಗೆ ತುಂಬ ಹಿಡಿಸಿದ್ದು ವಾಲ್‌ನಟ್ ಎಂಬ ಹೆಣ್ಣು ಕ್ರೇನ್ ಹಕ್ಕಿಯ ಕಥೆ. ಅಮೆರಿಕದ ಸ್ಮಿತ್‌ಸೋನಿಯನ್ ಮೃಗಾಲಯದ ವರ್ಜೀನಿಯಾ ಕೇಂದ್ರಕ್ಕೆ ಅದು 2004ರಲ್ಲಿ ಬಂತು. ಮನುಷ್ಯರ ಕೈಯಲ್ಲೇ ಬೆಳೆದದ್ದರಿಂದ ಗಂಡು ಕ್ರೇನ್‌ಗಳನ್ನು ಹತ್ತಿರ ಸೇರಿಸುತ್ತಿರಲಿಲ್ಲ. ನೋಡಿಕೊಳ್ಳುತ್ತಿದ್ದ ಮನುಷ್ಯನನ್ನೇ ಜೋಡಿಯೆಂದು ಆರಿಸಿಕೊಂಡಿತು. ಅದು ಕುಣಿದರೆ ಅವರೂ ತಲೆ ಬಗ್ಗಿಸಿ, ತೋಳು ಬಡಿದು ಕುಣಿಯುತ್ತಿದ್ದರು. ಆ ನಂಬಿಕೆಯಿಂದಲೇ ಕೃತಕ ಗರ್ಭಧಾರಣೆ ಸಾಧ್ಯವಾಗಿ, ಅಳಿವಿನ ಭಯವಿರುವ ಆ ಜಾತಿಗೆ ಎಂಟು ಮರಿಗಳು ಸಿಕ್ಕವು. 2024ರ ಜನವರಿಯಲ್ಲಿ, 42ನೇ ವಯಸ್ಸಿನಲ್ಲಿ ಅದು ಸತ್ತಿತು. ಈ ಸಂಬಂಧದಲ್ಲಿ ಕ್ರೇನ್‌ಗೆ ಅದು ಜೋಡಿ, ಮನುಷ್ಯನಿಗೆ ಅದು ಕೆಲಸ, ಮತ್ತೆ ಮಮತೆ. ಇಬ್ಬರೂ ಕುಣಿದದ್ದು ಒಂದೇ ಕುಣಿತ, ಅರ್ಥ ಬೇರೆ ಬೇರೆ. ನಿಮ್ಮ ಕಥೆಯಲ್ಲಿ ಮನುಷ್ಯರು ಆ ಕ್ರೇನ್‌ನ ಜಾಗದಲ್ಲಿ ನಿಂತರೆ?

ಇಲ್ಲೇ ಒಪ್ಪಿಗೆಯ ಪ್ರಶ್ನೆಯೂ ಬರುತ್ತದೆ. ಒಬ್ಬರು ಇನ್ನೊಬ್ಬರ ಮನಸ್ಸು ಓದಬಲ್ಲರು, ಹಡಗಿನ ಬಾಗಿಲು ಅವರ ಕೈಯಲ್ಲಿದೆ, ಭೂಮಿಯನ್ನೇ ಸುಡುವ ಶಕ್ತಿ ಇದೆ ಎಂದರೆ, ಇತ್ತ ಕಡೆಯವರ ‘ಹೂಂ’ಗೆ ಎಷ್ಟು ಬೆಲೆ? ‘ಬೇಡ’ ಎಂದು ಹೇಳಿ ಹೊರಗೆ ನಡೆಯುವ ದಾರಿ ಇಬ್ಬರಿಗೂ ಇದೆ ಎಂದು ಕಥೆಯಲ್ಲಿ ಒಮ್ಮೆಯಾದರೂ ಕಾಣಿಸಬೇಕು. ಇಲ್ಲದಿದ್ದರೆ ಓದುಗರಿಗೆ ಅದು ಅಪಹರಣದ ಕಥೆಯಾಗಿ ಕೇಳಿಸುತ್ತದೆ. ಐನೂರು ವರ್ಷದ ಏಲಿಯನ್ನರಿಗೆ ಯಾವಾಗಲೂ ಹೊಸದಾಗಿ ಕಾಲೇಜಿಗೆ ಸೇರಿದ ಹುಡುಗಿಯೇ ಯಾಕೆ ಬೇಕೋ, ಅದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

## ಕನ್ನಡದಲ್ಲೇ ಬರೆಯುವುದರ ಲಾಭ

ಏಲಿಯನ್ ಕಥೆಗೆ ಇಂಗ್ಲಿಷೇ ಸರಿ ಎಂದುಕೊಳ್ಳುವವರು ಇದ್ದಾರೆ. ನನಗೆ ಉಲ್ಟಾ ಅನ್ನಿಸುತ್ತದೆ. ಕನ್ನಡದ ವ್ಯಾಕರಣ ಈ ಕಥೆಗೆಂದೇ ಮಾಡಿಸಿದ ಹಾಗಿದೆ.

ಕನ್ನಡದಲ್ಲಿ ಮನುಷ್ಯರಿಗೆ ಅವನು, ಅವಳು, ಅವರು. ಉಳಿದದ್ದೆಲ್ಲ ಅದು. ಅಷ್ಟೇ ಅಲ್ಲ, ಕ್ರಿಯಾಪದದ ಬಾಲವೂ ಬದಲಾಗುತ್ತದೆ: ಬಂದ, ಬಂದಳು, ಬಂದರು, ಬಂತು. ಹಾಗಾಗಿ ಏಲಿಯನ್ ಬಂದ ಮೊದಲ ವಾಕ್ಯದಲ್ಲೇ ನೀವು ತೀರ್ಮಾನ ಮಾಡಲೇಬೇಕು, ಅದು ಯಾರೋ ಅಥವಾ ಏನೋ ಎಂದು. ತಪ್ಪಿಸಿಕೊಳ್ಳಲು ಜಾಗವೇ ಇಲ್ಲ. ವ್ಯಾಕರಣವೇ ಇಲ್ಲಿ ಗಡಿ. ಪ್ರೀತಿ ಎಂದರೆ ಆ ಗಡಿ ದಾಟುವುದು.

ಒಂದು ದೃಶ್ಯ ನೋಡಿ. ಶುರುವಿನಲ್ಲಿ:

‘ಅದು ಬಾಗಿಲ ಹತ್ತಿರ ನಿಂತಿತ್ತು. ಮೈಮೇಲಿನ ಗೆರೆಗಳು ಬಣ್ಣ ಬದಲಿಸಿದವು. “ನಿಮಗೆ ಚಳಿ” ಎಂದಿತು.’

ಐವತ್ತು ಪುಟ ಆದಮೇಲೆ, ಸುಧಾ ಅದರ ಹೆಸರು ಕಲಿತಿದ್ದಾಳೆ:

‘ಅವರು ಬಾಗಿಲ ಹತ್ತಿರ ನಿಂತಿದ್ದರು. “ನಿಮಗೆ ಚಳಿ” ಎಂದರು.’

ಇನ್ನೂ ಆಮೇಲೆ:

‘ಬಾಗಿಲ ಹತ್ತಿರ ನಿಂತಿದ್ದ. “ನಿನಗೆ ಚಳಿ” ಎಂದ.’

ಏನೂ ನಡೆದಿಲ್ಲ. ಯಾರೋ ಬಾಗಿಲ ಹತ್ತಿರ ನಿಂತಿದ್ದಾರೆ, ಅಷ್ಟೇ. ಆದರೆ ಮೂರನೆಯದನ್ನು ಓದುವಾಗ ಇವರಿಬ್ಬರ ನಡುವೆ ಏನಾಗಿದೆ ಎಂದು ಬೇರೆ ಹೇಳಬೇಕಾ? ‘ನೀವು’ ಹೋಗಿ ‘ನೀನು’ ಆದದ್ದೇ ಸಾಕು. ಈ ಮೆಟ್ಟಿಲುಗಳನ್ನು ಹಾಳು ಮಾಡಿಕೊಳ್ಳಬೇಡಿ. ಮೊದಲ ಪುಟದಿಂದಲೇ ‘ಅವನು’ ಎಂದು ಬರೆದುಬಿಟ್ಟರೆ ಹತ್ತಲು ಏನೂ ಉಳಿಯುವುದಿಲ್ಲ.

ಮೇಲೆ ‘ಅವನು’ ಎಂದೆನಲ್ಲ, ಅದೂ ಒಂದು ಊಹೆಯೇ. ಏಲಿಯನ್‌ಗೆ ಗಂಡು-ಹೆಣ್ಣು ಎಂಬುದೇ ಇಲ್ಲದಿರಬಹುದು. ಆಗ ಕನ್ನಡದ ಇನ್ನೊಂದು ಸೌಕರ್ಯ ಕೈಹಿಡಿಯುತ್ತದೆ. ‘ನಾನು ಬಂದೆ’, ‘ನೀನು ಬಂದೆ’ ಎಂಬಲ್ಲಿ ಲಿಂಗ ಇಲ್ಲ. ಹಿಂದಿಯಲ್ಲಿ ‘ನಾನು ಬಂದೆ’ ಎನ್ನಲೂ ಗಂಡೋ ಹೆಣ್ಣೋ ಹೇಳಲೇಬೇಕು. ಕನ್ನಡದಲ್ಲಿ ಇಡೀ ಕಾದಂಬರಿಯನ್ನು ಏಲಿಯನ್ ‘ನಾನು’ ಎಂದೇ ಹೇಳಿದರೆ, ಅದರ ಲಿಂಗದ ವಿಷಯ ಕೊನೆಯವರೆಗೂ ಏಳದೇ ಇರಬಹುದು. ಈ ಲೇಖನ ಬರೆಯುತ್ತಿರುವ ನಾನು ಗಂಡೋ ಹೆಣ್ಣೋ ಎಂದು ಇಲ್ಲಿಯವರೆಗೆ ನಾನೂ ಹೇಳಿಲ್ಲ, ಗಮನಿಸಿದಿರಾ?

‘ಅದು’ ಎಂದರೆ ಯಾವಾಗಲೂ ದೂರ ಎಂದೂ ಅಲ್ಲ. ಮಗು ‘ಅಳುತ್ತಿದೆ’ ಎನ್ನುತ್ತೇವೆ, ಅದಕ್ಕಿಂತ ಹತ್ತಿರದವರು ಯಾರಿದ್ದಾರೆ? ಹಳೇ ಮೈಸೂರಿನ ಕೆಲವು ಕಡೆ ‘ನಮ್ಮವ್ವ ಬಂತು’ ಎಂಬ ಮಾತೂ ಇದೆ. ಅತ್ತ ಸೂರ್ಯ ಚಂದ್ರರನ್ನು ‘ಅವನು’ ಎಂದು ಕರೆದು ಯಾವುದೋ ಕಾಲವಾಗಿದೆ. ಇಷ್ಟೆಲ್ಲ ಸಡಿಲ ನಿಮ್ಮ ಕೈಲಿದೆ.

ತುಳು ಬಲ್ಲವರಿಗಂತೂ ಇನ್ನೊಂದು ಬೋನಸ್. ಕನ್ನಡದ ‘ನಾವು’ ಒಂದೇ. ತುಳುವಿನಲ್ಲಿ ಕೇಳುವವರನ್ನು ಬಿಟ್ಟು ಹೇಳುವ ನಾವು ‘ಎಂಕುಲು’, ಕೇಳುವವರನ್ನೂ ಸೇರಿಸಿದ ನಾವು ‘ನಮ’. ತಮಿಳು, ತೆಲುಗಿನಲ್ಲೂ ಇಂಥ ಜೋಡಿ ಇದೆ. ಎರಡು ಲೋಕಗಳ ಮಾತುಕತೆಯಲ್ಲಿ ಇಡೀ ಹೊತ್ತು ಎಂಕುಲು ಎನ್ನುತ್ತಿದ್ದ ಏಲಿಯನ್ ಒಂದು ದಿನ ನಮ ಎಂದುಬಿಟ್ಟರೆ, ಮಂಗಳೂರಿನ ಓದುಗರಿಗೆ ಅಲ್ಲೇ ಎದೆ ಝಲ್ ಎನ್ನುತ್ತದೆ.

## ನಿಜಕ್ಕೂ ಹೋದ ಪತ್ರ

ಇದೆಲ್ಲ ಬರೀ ಕಥೆ ಎನ್ನುವವರಿಗೆ ಒಂದು ನಡೆದ ಸಂಗತಿ.

1977ರಲ್ಲಿ ನಾಸಾ ಎರಡು ವಾಯೇಜರ್ ನೌಕೆಗಳನ್ನು ಹಾರಿಸಿತು. ಎರಡರಲ್ಲೂ ಚಿನ್ನದ ಲೇಪದ ಒಂದೊಂದು ತಟ್ಟೆ ಇದೆ, ಹಳೇ ಗ್ರಾಮಫೋನ್ ತಟ್ಟೆಯ ತರಹದ್ದು. ಯಾರಿಗಾದರೂ ಸಿಕ್ಕರೆ ಸಿಗಲಿ ಎಂದು ಅದರಲ್ಲಿ ಭೂಮಿಯ ಸದ್ದು, ಸಂಗೀತ, ಚಿತ್ರ, 55 ಭಾಷೆಗಳ ಶುಭಾಶಯ ತುಂಬಿದ್ದಾರೆ. ಅವುಗಳಲ್ಲಿ ಕನ್ನಡವೂ ಒಂದು: ‘ನಮಸ್ತೆ, ಕನ್ನಡಿಗರ ಪರವಾಗಿ ಶುಭಾಶಯಗಳು.’ ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿಯೂ ಇದೆ.

ಆ ಕೆಲಸದ ಮುಂದಾಳು ಖಗೋಳ ವಿಜ್ಞಾನಿ ಕಾರ್ಲ್ ಸೇಗನ್. ತಂಡದಲ್ಲಿ ಆ್ಯನ್ ಡ್ರುಯನ್ ಇದ್ದರು. ಒಂದು ಒಳ್ಳೆಯ ಚೀನೀ ಸಂಗೀತ ಸಿಕ್ಕಿತೆಂದು ತಿಳಿಸಲು ಆಕೆ ಸೇಗನ್ ಇಳಿದುಕೊಂಡಿದ್ದ ಹೋಟೆಲಿಗೆ ಫೋನ್ ಮಾಡಿ ಸುದ್ದಿ ಬಿಟ್ಟರು. ಆತ ತಿರುಗಿ ಫೋನ್ ಮಾಡಿದರು. ಅಲ್ಲಿಯವರೆಗೆ ಇಬ್ಬರೂ ಬರೀ ಸ್ನೇಹಿತರು, ಜೊತೆ ಕೆಲಸ ಮಾಡುವವರು. ಆ ಫೋನ್ ಇಡುವಷ್ಟರಲ್ಲಿ ಮದುವೆಯಾಗುವುದೆಂದು ತೀರ್ಮಾನವಾಗಿತ್ತು. ಅದು 1977ರ ಜೂನ್ 1.

ಎರಡು ದಿನ ಬಿಟ್ಟು ಆ್ಯನ್ ನ್ಯೂಯಾರ್ಕಿನ ಒಂದು ಆಸ್ಪತ್ರೆಗೆ ಹೋದರು. ಅದು ಮೊದಲೇ ಗೊತ್ತು ಮಾಡಿದ್ದ ಕೆಲಸ. ಅವರ ಮಿದುಳು, ಹೃದಯ, ನರಗಳ ಅಲೆಗಳನ್ನು ಒಂದು ಗಂಟೆ ದಾಖಲು ಮಾಡಿ ತಟ್ಟೆಗೆ ಸೇರಿಸುವುದು. ಸುಮ್ಮನೆ ಮಲಗಿ ಭೂಮಿಯ ಚರಿತ್ರೆ, ಮನುಷ್ಯರ ಪಾಡು ಎಲ್ಲ ನೆನೆಯಬೇಕಿತ್ತು. ನೆನೆದರು. ಕೊನೆಗೆ, ಪ್ರೀತಿಯಲ್ಲಿ ಬಿದ್ದರೆ ಹೇಗಿರುತ್ತದೆ ಎಂಬುದನ್ನೂ ನೆನೆದರು. ಆ ಒಂದು ಗಂಟೆಯನ್ನು ಕುಗ್ಗಿಸಿ ಒಂದು ನಿಮಿಷದ ಸದ್ದು ಮಾಡಿದ್ದಾರೆ. ಕೇಳಿದರೆ ಪಟಾಕಿ ಸರ ಸಿಡಿದ ಹಾಗಿರುತ್ತದೆ.

ವಾಯೇಜರ್ 1 ಈಗ ನಮ್ಮಿಂದ ಎಷ್ಟು ದೂರ ಎಂದರೆ ಅಲ್ಲಿಂದ ಬೆಳಕು ಇಲ್ಲಿಗೆ ಬರಲು ಹೆಚ್ಚುಕಡಿಮೆ ಒಂದು ದಿನ ಬೇಕು. ಸುಮಾರು 40 ಸಾವಿರ ವರ್ಷ ಆದಮೇಲೆ ಅದು ಗ್ಲೀಸ್ 445 ಎಂಬ ನಕ್ಷತ್ರದಿಂದ 1.6 ಜ್ಯೋತಿರ್ವರ್ಷ ದೂರದಲ್ಲಿ ಹಾದುಹೋಗುತ್ತದೆ. ಜೊತೆಗೆ ಕನ್ನಡಿಗರ ಶುಭಾಶಯವೂ, ಆ ಪಟಾಕಿ ಸದ್ದೂ.

ಮಾತು ಬಿಟ್ಟ ಮೂರು ದಿನ ಕಳೆದ ಮೇಲೆ ಅಕ್ಕನ ಮಗಳಿಗೆ ಇದನ್ನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು.

‘ಚಿಕ್ಕಮ್ಮ, ಅದು ಸಿಕ್ಕವರಿಗೆ ಮಿದುಳು ಅಂತಾನೇ ಗೊತ್ತಾಗದಿದ್ರೆ? ಹಾಡುಗಳ ಜೊತೆ ಅದೂ ಒಂದು ಹಾಡು ಅಂದ್ಕೊಂಡ್ರೆ?’

‘ಅಂದ್ಕೊಂಡ್ರೆ?’

‘ಅವರ ಮದುವೆಗಳಲ್ಲಿ ಅದನ್ನೇ ಹಾಕ್ತಿದ್ರೆ?’

ನೀಲಿ ಹುಡುಗನ ಕಥೆ ಅಲ್ಲಿಗೇ ನಿಂತಿದೆ. ಈಗ ಇದನ್ನು ಬರೆಯುತ್ತಿದ್ದಾಳೆ. ಮೊನ್ನೆ ಮೊದಲ ಪುಟ ಕಳಿಸಿದಳು. ‘ಅದು ತಟ್ಟೆಯನ್ನು ಎತ್ತಿಕೊಂಡಿತು’ ಎಂದು ಶುರುವಾಗುತ್ತದೆ.